ಮೂರು ಸಂಜೆಯ ‘ಏನಿಲ್ಲ’

ನನ್ನ ಹೊಲಿಗೆ ಅಂಗಡಿಯ ಅಳತೆ ಪುಸ್ತಕವನ್ನು ಈಗ ಬರೆಯುವುದು ನಮ್ಮ ಅತ್ತಿಗೆ. ಎದೆ, ಸೊಂಟ, ತೋಳು, ಉದ್ದ ಅಂತ ನಾಲ್ಕು ಕಾಲಂ, ಸ್ಕೇಲು ಇಟ್ಟು ಎಳೆದ ಗೆರೆ, ಪುಟದ ತಲೆಯಲ್ಲಿ ತಾರೀಖು. ಸಂಖ್ಯೆ ತಪ್ಪಿದರೆ ಗೀಚಿ ಹಾಕುವುದಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಚಿಕ್ಕ ಸಹಿ ಹಾಕಿ, ಅದರ ಕೆಳಗೂ ತಾರೀಖು ಹಾಕುತ್ತಾಳೆ. “ಇದು ಷರ್ಟಿನ ತೋಳು ಅತ್ತಿಗೆ, ಆಸ್ತಿ ಪತ್ರ ಅಲ್ಲ” ಎಂದು ನಾನು ರೇಗಿಸುತ್ತೇನೆ. ಮೊದಲಾದರೆ ನಗುತ್ತಿದ್ದಳು.

ಈ ರೂಢಿ ಅವಳಿಗೆ ಬಂದದ್ದು ಆಸ್ಪತ್ರೆಯಿಂದ. ಹೊಸ ಔಷಧಿಯನ್ನು ಅಂಗಡಿಗೆ ಬಿಡುವ ಮೊದಲು ರೋಗಿಗಳಿಗೆ ಕೊಟ್ಟು ನೋಡಿ, ಆದದ್ದನ್ನೆಲ್ಲ ಬರೆದಿಡುವ ಕ್ಲಿನಿಕಲ್ ರಿಸರ್ಚ್ ವಿಭಾಗದಲ್ಲಿ ಅವಳು ಹದಿನಾಲ್ಕು ತಿಂಗಳು ಕೆಲಸ ಮಾಡಿದಳು. ಆ ಹದಿನಾಲ್ಕು ತಿಂಗಳಿಗಾಗಿ ಐದು ವರ್ಷ ಅಲೆದಿದ್ದಳು. ಅದು ಸಿಕ್ಕ ಬಗೆಯಲ್ಲಿ ನನ್ನ ಪಾಲೂ ಇದೆ, ಅದಕ್ಕೇ ಇದನ್ನು ನಾನೇ ಹೇಳಬೇಕು.

ಅತ್ತಿಗೆ ನಮ್ಮ ಮನೆಗೆ ಬಂದಾಗ ಬಿ.ಎಸ್ಸಿ. ಮುಗಿಸಿದ್ದಳು. ಅಣ್ಣನಿಗೆ ಮನೆಮನೆಯ ನೀರಿನ ಮೀಟರು ನೋಡಿ ಬರೆದುಕೊಂಡು ಬರುವ ಕೆಲಸ. ಮನೆಯಲ್ಲೂ ಅವನು ಮೀಟರಿನ ಹಾಗೆಯೇ, ಬಗ್ಗಿ ನೋಡಿದರೆ ಮಾತ್ರ ಏನಾದರೂ ತಿಳಿಯುತ್ತಿತ್ತು. ಮದುವೆಯ ಎರಡನೇ ವರ್ಷ ಮಗಳು ಹುಟ್ಟಿದಳು. ಆಮೇಲೆ ನಾನು ಗಂಡನ ಮನೆ ಬಿಟ್ಟು ಬಂದು ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡೆ. ಅಮ್ಮ ಒಳಗಿನ ಕೋಣೆಯಲ್ಲಿ. ಇಷ್ಟು ಜನರ ಊಟ, ಬಟ್ಟೆ, ಜ್ವರ, ಸಿಡುಕು ಎಲ್ಲವೂ ಅತ್ತಿಗೆಯ ತಲೆಯ ಮೇಲೆ. ನನ್ನ ಸಿಡುಕೇ ಹೆಚ್ಚು, ಅದನ್ನು ಒಪ್ಪಿಕೊಳ್ಳುತ್ತೇನೆ.

ಮಗಳು ಒಮ್ಮೆ ಟೈಫಾಯ್ಡ್ ಬಂದು ಮೂರು ವಾರ ಹಾಸಿಗೆ ಹಿಡಿದಳು. ಅತ್ತಿಗೆ ಅಡುಗೆಮನೆಯ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿ ಚುಕ್ಕೆ ಇಟ್ಟು, ಚುಕ್ಕೆಗಳನ್ನು ಗೆರೆಯಿಂದ ಕೂಡಿಸಿದಳು. ಮನೆಗೆ ಬಂದ ಡಾಕ್ಟರು ಅದನ್ನು ನೋಡಿ, “ಇದನ್ನ ಬರೆದ ನರ್ಸು ಯಾರು?” ಅಂದರು. ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಅವತ್ತಿನಿಂದ ನಾವು ಅವಳನ್ನು ‘ಸ್ಕೇಲು’ ಎಂದು ಕರೆಯತೊಡಗಿದೆವು. ಅವಳು ಮಾತ್ರ ಡಾಕ್ಟರ ಪ್ರಶ್ನೆಯನ್ನು ಮರೆಯಲಿಲ್ಲ. ಮೂವತ್ತಾರನೇ ವಯಸ್ಸಿನಲ್ಲಿ ಕ್ಲಿನಿಕಲ್ ರಿಸರ್ಚ್ ಡಿಪ್ಲೊಮಾಕ್ಕೆ ಸೇರಿ, ಸಂಜೆ ಕ್ಲಾಸಿಗೆ ಹೋಗಿ, ಮಗಳು ಕೂರುವ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಓದಿ, ಕ್ಲಾಸಿಗೇ ಮೊದಲಿಗಳಾಗಿ ಬಂದಳು.

ಅಲ್ಲಿಂದ ಶುರುವಾಯಿತು ಅಲೆದಾಟ. ಅರ್ಜಿ ಹಾಕಿದ ಕಡೆಯೆಲ್ಲ ಒಂದೇ ಸಾಲು: ಕನಿಷ್ಠ ಎರಡು ವರ್ಷದ ಅನುಭವ. ಸಂಬಳ ಬೇಡ, ಆರು ತಿಂಗಳು ಫೈಲು ಜೋಡಿಸಿಕೊಡುತ್ತೇನೆ ಎಂದು ಒಂದು ಕಡೆ ಕೇಳಿದಳು. ಫೈಲು ಮುಟ್ಟುವುದಕ್ಕೂ ಅನುಭವ ಬೇಕು ಅಂದರಂತೆ. ಇನ್ನೊಂದು ಕಡೆ, ಅವಳಿಗಿಂತ ಹತ್ತು ವರ್ಷ ಚಿಕ್ಕವನೊಬ್ಬ ಕಾಗದ ತಿರುವಿ, “ನಡುವೆ ಹದಿಮೂರು ವರ್ಷ ಖಾಲಿ ಇದೆಯಲ್ಲ, ಏನು ಮಾಡ್ತಿದ್ರಿ?” ಎಂದ. ಅವಳು ಟೈಫಾಯ್ಡಿನ ಹಾಳೆಯ ವಿಷಯ ಹೇಳಿದಳು. ಆತ ನಕ್ಕನಂತೆ, ಕೆಟ್ಟದಾಗೇನಲ್ಲ, ಸುಮ್ಮನೆ.

“ಖಾಲಿ ಅಂತೆ ಖಾಲಿ! ಅವನನ್ನ ಒಂದು ವಾರ ನಮ್ಮನೆ ಅಡುಗೆಮನೇಲಿ ನಿಲ್ಲಿಸಬೇಕಿತ್ತು” ಎಂದು ನಾನು ಕತ್ತರಿ ಕುಕ್ಕಿದೆ.

“ಅವರ ತಪ್ಪಲ್ಲ ಕಣೇ. ಕಾಗದದಲ್ಲಿ ಇರೋದನ್ನೇ ಅಲ್ವಾ ಅವರು ನೋಡೋದು” ಎಂದು ಅತ್ತಿಗೆ ಚಪ್ಪಲಿ ಬಿಟ್ಟು ಒಳಗೆ ಹೋದಳು.

ಐದನೇ ವರ್ಷ ಅಮ್ಮನ ಮಂಡಿ ಕೈಕೊಟ್ಟಿತು. ಹಿಂದಿನ ಬೀದಿಯ ಆಸ್ಪತ್ರೆಯಲ್ಲಿ ಮಂಡಿ ನೋವಿನ ಹೊಸ ಮಾತ್ರೆಯೊಂದರ ಸ್ಟಡಿ ನಡೆಯುತ್ತಿತ್ತು. ಡಾಕ್ಟರಮ್ಮ ಒಪ್ಪಿಗೆ ಪತ್ರವನ್ನು ಸಾಲು ಸಾಲಾಗಿ ಓದಿ ಹೇಳಿದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಬೇಡ ಅನ್ನಿಸಿದ ದಿನ ಬಿಡಬಹುದು. ಅಮ್ಮ ಎಲ್ಲ ಕೇಳಿ, “ಖಾಲಿ ಮಾತ್ರೆ ನುಂಗಿಸೋದಕ್ಕೆ ಇಷ್ಟೆಲ್ಲ ಓದ್ಬೇಕಾ ತಾಯಿ?” ಎಂದು ಸಹಿ ಹಾಕಿದಳು.

ಅವರು ಒಂದು ಡೈರಿ ಕೊಟ್ಟರು. ಹನ್ನೆರಡು ವಾರ ಪ್ರತಿ ಸಂಜೆ ಬರೆಯಬೇಕು: ಮಾತ್ರೆ ತೆಗೆದುಕೊಂಡ ಹೊತ್ತು, ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು, ಹೊಸದಾಗಿ ಏನಾದರೂ ತೊಂದರೆ ಉಂಟೋ. ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಮನೆಯವರು ಬರೆಯಬಹುದು, ಆದರೆ ರೋಗಿ ಹೇಳಿದ ಮಾತನ್ನೇ ಬರೆಯಬೇಕು ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ಅತ್ತಿಗೆ ಎರಡು ಸಲವೂ ತಲೆಯಾಡಿಸಿದಳು.

ನಾಲ್ಕು ವಾರಕ್ಕೊಮ್ಮೆ ಡೈರಿ ತೋರಿಸಲು ಹೋಗಬೇಕು. ಒಮ್ಮೆ ನಾನೂ ಹೋಗಿದ್ದೆ. ಕಾರಿಡಾರಿನ ಬೆಂಚಿನ ಮೇಲೆ ಕೂತು ಮುಕ್ಕಾಲು ಜನ ಆಗ ತಾನೇ ಡೈರಿ ತುಂಬುತ್ತಿದ್ದರು, ಒಬ್ಬರ ಪೆನ್ನು ಇನ್ನೊಬ್ಬರ ಕೈಗೆ ದಾಟುತ್ತಿತ್ತು. ಒಬ್ಬ ಪುಣ್ಯಾತ್ಮ ಬರೆಯುವ ಭರದಲ್ಲಿ ನಾಳೆ ನಾಡಿದ್ದಿನ ನೋವನ್ನೂ ತುಂಬಿಬಿಟ್ಟಿದ್ದ. ಸ್ಟಡಿಯ ಡೈರಿ, ಫೈಲು ನೋಡಿಕೊಳ್ಳುವ ಕೋಆರ್ಡಿನೇಟರ್, ಏಳು ತಿಂಗಳ ಬಸುರಿ, ಡೈರಿಯನ್ನು ಅವನ ಮುಂದೆ ಹಿಡಿದು ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದಳು. ನಮ್ಮ ಸರದಿ ಬಂದಾಗ ಡಾಕ್ಟರಮ್ಮ ಅಮ್ಮನ ಡೈರಿಯನ್ನು ಎರಡು ಸಲ ತಿರುವಿದರು.

“ಇಷ್ಟು ವರ್ಷದಲ್ಲಿ ಇಂಥ ಡೈರಿ ನಾನು ನೋಡಿಲ್ಲ. ಯಾರು ಬರೆದದ್ದು?”

ಅತ್ತಿಗೆ ಹೇಳಿದಳು. ಡಿಪ್ಲೊಮಾದ ವಿಷಯವನ್ನೂ ಹೇಳಿದಳು, ತೊದಲುತ್ತ. ಡಾಕ್ಟರಮ್ಮ ಬಸುರಿಯ ಕಡೆ ನೋಡಿ, “ಇವಳು ಇನ್ನೆರಡು ತಿಂಗಳಿಗೆ ಕೆಲಸ ಬಿಟ್ಟು ಹೋಗ್ತಾಳೆ. ನಿಮ್ಮ ಮನೆಯವರು ಸ್ಟಡಿಯಲ್ಲಿರೋವಾಗ ನಿಮ್ಮನ್ನ ತಗೊಳ್ಳೋ ಹಾಗಿಲ್ಲ. ನಿಮ್ಮ ಅತ್ತೆಯದು ಮುಗೀಲಿ, ಬನ್ನಿ, ನೋಡೋಣ” ಅಂದರು.

ಮನೆಗೆ ಬರುವ ದಾರಿಯಲ್ಲಿ ಅತ್ತಿಗೆ ಅಮ್ಮನ ತೋಳು ಹಿಡಿದಿದ್ದ ರೀತಿ ನೋಡಬೇಕಿತ್ತು, ಎಲ್ಲಿ ಎಡವಿ ಬಿದ್ದುಬಿಡುತ್ತಾಳೋ ಎನ್ನುವ ಹಾಗೆ.

ಒಂಬತ್ತನೇ ವಾರದ ಒಂದು ಸಂಜೆ. ನಾನು ಗುಂಡಿ ಹೊಲಿಯುತ್ತಿದ್ದೆ, ಬಾಗಿಲು ತೆರೆದಿತ್ತು, ಒಳಗಿನ ಮಾತೆಲ್ಲ ಕೇಳುತ್ತಿತ್ತು.

“ನೋವು ಎಷ್ಟು ಅತ್ತೆ?”

“ಮೂರು ಅಂತ ಹಾಕು. ಪರವಾಗಿಲ್ಲ. ಆದ್ರೆ ಕಿವೀಲಿ ಏನೋ ಗುಂಯ್ ಅಂತಿದೆ ಕಣೆ, ಬಲಗಿವೀಲಿ. ಬೆಳಗಿಂದ ನಿಂತೇ ಇಲ್ಲ.”

“ಇವಳ ಮೆಷಿನ್ ಸದ್ದು ಇರ್ಬೇಕು ಅತ್ತೆ.”

“ಮೆಷಿನ್ ನಿಲ್ಲಿಸಿದಾಗ್ಲೂ ಅನ್ನುತ್ತೆ.”

ಅತ್ತಿಗೆ ಹೊರಗೆ ಬಂದು ನನ್ನ ಎದುರು ನಿಂತಳು. ಕೈಯಲ್ಲಿ ಡೈರಿ, ಬೆರಳು ಪುಟದ ನಡುವೆ. “ಏನು ಮಾಡ್ಲಿ?” ಎಂದಳು. ಕೇಳಿದ್ದು ನನ್ನನ್ನೇ. ಬೇರೆ ಯಾರನ್ನಾದರೂ ಕೇಳಿದ್ದರೆ ಚೆನ್ನಾಗಿತ್ತು.

“ಬರೀಬೇಡ. ಬರೆದ್ರೆ ಸ್ಟಡಿಯಿಂದ ತೆಗೆದು ಹಾಕ್ತಾರೆ. ಅಮ್ಮನ ಮಾತ್ರೆಗೂ ಕಲ್ಲು, ನಿನ್ನ ಕೆಲಸಕ್ಕೂ ಕಲ್ಲು. ಎಪ್ಪತ್ತಾದ ಮೇಲೆ ಕಿವಿ ಗುಂಯ್ ಅನ್ನದೆ ಕೊಳಲು ಊದುತ್ತಾ?” ಅಂದೆ.

ಆ ಮಾತಿಗೆ ನಾನೇ ನಕ್ಕೆ. ಅವಳು ಒಳಗೆ ಹೋಗಿ ‘ಏನಿಲ್ಲ’ ಎಂದು ಬರೆದಳು. ಮಾರನೇ ಸಂಜೆಯೂ ಅಮ್ಮ ಅದನ್ನೇ ಹೇಳಿದಳು, ಅದರ ಮಾರನೆಯ ದಿನವೂ. ಮೂರು ಸಂಜೆ ‘ಏನಿಲ್ಲ.’ ನಾಲ್ಕನೆಯ ಸಂಜೆ ಅಮ್ಮ ಕಿವಿಯ ಮಾತೆತ್ತಲಿಲ್ಲ. ನಿಂತಿರಬೇಕು ಅಂದುಕೊಂಡೆವು. ಅಂದುಕೊಳ್ಳುವುದು ನಮಗೆ ಬೇಕಾಗಿತ್ತು.

ಅಮ್ಮನ ಹನ್ನೆರಡು ವಾರ ಮುಗಿದು ತಿಂಗಳೊಳಗೆ ಅತ್ತಿಗೆಗೆ ಕೆಲಸ ಸಿಕ್ಕಿತು. ಅವತ್ತು ಅಣ್ಣ, ಜೀವಮಾನದಲ್ಲಿ ಮೊದಲ ಸಲ, ಮಧ್ಯಾಹ್ನ ಮನೆಗೆ ಬಂದು ಅವಳನ್ನು ಆಸ್ಪತ್ರೆಯ ಬಾಗಿಲವರೆಗೆ ಬಿಟ್ಟು ಹೋದ. ಹಿಂದಿನ ಬೀದಿ, ಐದು ನಿಮಿಷದ ದಾರಿ. ಆದರೂ ಬಿಟ್ಟು ಹೋದ.

ಅವಳು ಆ ಕೆಲಸ ಮಾಡಿದ್ದನ್ನು ನೋಡಿದವರು ಅದನ್ನು ಮರೆಯುವುದಿಲ್ಲ. ಕಿಟಕಿಯಿಲ್ಲದ ಕೋಣೆ, ಗೋಡೆಯುದ್ದಕ್ಕೂ ದಪ್ಪ ಫೈಲು, ಮಾತ್ರೆಗಳಿಗೊಂದು ಬೀಗದ ಬೀರು, ಅದರೊಳಗೆ ಥರ್ಮಾಮೀಟರು. ರೋಗಿ ತಂದ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳನ್ನು ಎಣಿಸಿ, ಉಳಿದ ಮಾತ್ರೆಗೂ ಡೈರಿಗೂ ತಾಳೆ ನೋಡುತ್ತಿದ್ದಳು. ಯಾರಿಗೂ ಗದರುತ್ತಿರಲಿಲ್ಲ. “ಮರೆತ್ರೆ ಮರೆತೆ ಅಂತ ಬರೀರಿ, ಪರವಾಗಿಲ್ಲ. ಚಿಕ್ಕದು ಅಂತ ಯಾವುದನ್ನೂ ಬಿಡಬೇಡಿ” ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು. ತಿದ್ದುವ ರೀತಿಯನ್ನು ಕಲಿತದ್ದೂ ಅಲ್ಲೇ. ಅಲ್ಲಿ ಬಿಳಿ ಬಣ್ಣ ಬಳಿದು ಮುಚ್ಚುವಂತಿಲ್ಲ, ಉಜ್ಜುವಂತಿಲ್ಲ; ಹಳೆಯದು ಓದುವಂತಿರಬೇಕು, ಯಾರು, ಯಾವತ್ತು, ಯಾಕೆ ತಿದ್ದಿದರು ಎನ್ನುವುದು ಕಾಣಬೇಕು. ಅದನ್ನು ಹೇಳಿಕೊಟ್ಟ ದಿನ ಅವಳು ಮನೆಗೆ ಬಂದು ಸರಿಯಾಗಿ ಊಟ ಮಾಡಲಿಲ್ಲ. ಹೊಸ ಕೆಲಸದ ಸುಸ್ತು ಎಂದುಕೊಂಡು ನಾನು ಸುಮ್ಮನಾದೆ.

ಒಂದು ವರ್ಷ ಕಳೆಯಿತು. ಮಂಡಿ ಮಾತ್ರೆಯ ಸ್ಟಡಿಗೆ ಹೊಸಬರು ಸೇರುತ್ತಲೇ ಇದ್ದರು. ಅವರಲ್ಲೊಬ್ಬರು ನಿವೃತ್ತ ಬಸ್ ಡ್ರೈವರ್. ಒಂದು ದಿನ ಅವರು ಡೈರಿ ಮುಂದಿಟ್ಟು, “ಮೇಡಂ, ಎಡಗಿವೀಲಿ ಒಂದೇ ಸಮನೆ ಗುಂಯ್ ಅಂತಿದೆ. ನೀವು ಚಿಕ್ಕದೂ ಬರೀರಿ ಅಂದ್ರಲ್ಲ, ಅದಕ್ಕೆ ಬರೆದೆ” ಎಂದರು.

ಅತ್ತಿಗೆ ಅದನ್ನು ಅಂದೇ ದಾಖಲಿಸಿದಳು, ಡಾಕ್ಟರಮ್ಮನಿಗೂ ಹೇಳಿದಳು. ಮುಂದಿನ ವಾರ, ಕಾಗದಗಳನ್ನು ತಾಳೆ ನೋಡಲು ಔಷಧಿ ಕಂಪನಿಯವರು ಕಳಿಸುವ ಮಾನಿಟರ್ ಬಂದ. ಆ ಸಾಲಿನ ಮೇಲೆ ಬೆರಳಿಟ್ಟು, “ಇಡೀ ಸ್ಟಡಿಯಲ್ಲಿ ಕಿವಿಯ ದೂರು ಇದೊಂದೇ. ಇನ್ನೊಂದಿದ್ದಿದ್ರೆ ಯೋಚನೆ ಮಾಡ್ಬೇಕಿತ್ತು. ಮೂವತ್ತು ವರ್ಷ ಎಂಜಿನ್ ಪಕ್ಕ ಕೂತವರು, ಅದಕ್ಕೇ ಇರ್ಬೇಕು” ಎಂದು ಪುಟ ಮಗುಚಿದ.

ಅಂದು ಸಂಜೆ ಅತ್ತಿಗೆ ಬ್ಯಾಗು ಹೆಗಲಲ್ಲಿ ಇರುವಂತೆಯೇ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಳು. ನಡೆದದ್ದೆಲ್ಲ ಹೇಳಿ, “ಇನ್ನೊಂದು ಇದೆ. ನನ್ನ ಅಕ್ಷರದಲ್ಲಿ ‘ಏನಿಲ್ಲ’ ಅಂತ ಇದೆ” ಎಂದಳು.

“ಸುಮ್ಮನಿರು ಅತ್ತಿಗೆ. ಐದು ವರ್ಷ ಅಲೆದಿದೀಯ. ಅಮ್ಮನಿಗೆ ಮೂರೇ ದಿನ ಬಂದು ಹೋಯ್ತು. ಅದನ್ನ ಈಗ ಅಗೆದು ತೆಗೆದು ಯಾರ ಉದ್ಧಾರ ಆಗ್ಬೇಕು?”

“ಡ್ರೈವರು ಇನ್ನೂ ಆ ಮಾತ್ರೆ ನುಂಗ್ತಿದಾರೆ ಕಣೇ.”

ನಾನು ಏನೋ ಒಂದು ಜೋರಾಗಿ ಹೇಳಿದೆ. ಅವಳು ಎದ್ದು ಅಮ್ಮನ ಕೋಣೆಗೆ ಹೋದಳು, ನಾನೂ ಹಿಂದೆ ಹೋದೆ. ಅಮ್ಮ ಬಾಗಿಲಿಗೆ ಬಲಗಡೆ ಮಾಡಿ ಕೂತಿದ್ದಳು, ನಾವು ಬಂದದ್ದು ತಿಳಿಯಲಿಲ್ಲ. ಎಷ್ಟೋ ದಿನದಿಂದ ಕರೆದರೆ ಓಗೊಡುವುದು ಕಮ್ಮಿಯಾಗಿತ್ತು. ಬೇಕಾದ್ದು ಮಾತ್ರ ಕೇಳಿಸುತ್ತೆ ಇವಳಿಗೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅತ್ತಿಗೆ ಎದುರಿಗೆ ಹೋಗಿ ನೆಲದ ಮೇಲೆ ಕೂತಳು.

“ಅತ್ತೆ, ಡೈರಿ ಬರೀತಿದ್ದಾಗ ಮೂರು ದಿನ ಕಿವಿ ಗುಂಯ್ ಅಂತಿದೆ ಅಂದ್ರಲ್ಲ. ಅದು ಆಮೇಲೆ ನಿಂತಿತಾ?”

ಅಮ್ಮ ಬಲಗಿವಿಯ ಮೇಲೆ ಅಂಗೈ ಇಟ್ಟುಕೊಂಡಳು.

“ಎಲ್ಲಿ ನಿಂತಿತು? ಈಗ್ಲೂ ಇದೆ. ಈಗ ಆ ಕಿವೀಲಿ ಅದೊಂದೇ ಕೇಳೋದು.”

“ಮತ್ತೆ ಯಾಕತ್ತೆ ಹೇಳೋದು ಬಿಟ್ರಿ?”

“ನಾನು ಅಷ್ಟುದ್ದ ಹೇಳ್ದೆ, ನಿನ್ನ ಪೆನ್ನು ಇಷ್ಟೇ ಓಡಿ ನಿಂತ್ಕೊಳ್ತು. ಮೂರು ದಿನವೂ ಹಂಗೇ. ಅಕ್ಷರ ಕಾಣದಿದ್ರೂ ಅಷ್ಟು ತಿಳಿಯಲ್ವಾ? ಇವಳು ಹೊರಗೆ ಅಂದ ಮಾತೂ ಕೇಳಿಸ್ತು. ಆಗಿನ್ನೂ ಕೇಳಿಸ್ತಿತ್ತು.” ಅಮ್ಮ ನನ್ನ ಕಡೆ ತಿರುಗಲಿಲ್ಲ. “ನೀನು ಅಷ್ಟು ವರ್ಷ ಅಲೆದಿದ್ದೆ. ನನ್ನ ಕಿವಿಯಿಂದ ಅದು ಯಾಕೆ ಹಾಳಾಗ್ಬೇಕು ಅಂತ ನಾಲ್ಕನೇ ದಿನದಿಂದ ನಾನೇ ಏನಿಲ್ಲ ಅಂದೆ.”

ಅತ್ತಿಗೆ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹೋಗಲು ನನಗೆ ಮುಖವಿರಲಿಲ್ಲ.

ಮಾರನೇ ಬೆಳಿಗ್ಗೆ ಅವಳು ಡಾಕ್ಟರಮ್ಮನಿಗೆ ಎಲ್ಲ ಹೇಳಿದಳು. ಅಲ್ಲಿ ನಡೆದದ್ದನ್ನು ನನಗೆ ಒಂದೇ ಸಲ ಹೇಳಿದ್ದಾಳೆ, ನಾನೂ ಮತ್ತೆ ಕೇಳಿಲ್ಲ. ಡಾಕ್ಟರಮ್ಮ ಕೂಗಾಡಲಿಲ್ಲವಂತೆ. ಹಳೆಯ ಫೈಲು ತರಿಸಿ, ಆ ಮೂರು ದಿನದ ಪುಟ ತೆಗೆದು ಅವಳ ಮುಂದಿಟ್ಟರಂತೆ.

“ಯಾಕೆ ಬರೀಲಿಲ್ಲ?”

“ಕೆಲಸ ಬೇಕಿತ್ತು ಮೇಡಂ. ಬರೆದ್ರೆ ಅವರನ್ನ ತೆಗೆದು ಹಾಕ್ತೀರಿ ಅಂದ್ಕೊಂಡೆ.”

“ಬರೆದಿದ್ರೆ ಅವತ್ತೇ ಕಿವಿ ಡಾಕ್ಟರ ಹತ್ತಿರ ಕಳಿಸ್ತಿದ್ದೆ, ಅಷ್ಟೇ. ಕೆಲಸವೂ ನಿಮಗೇ ಕೊಡ್ತಿದ್ದೆ. ಇಂಥದ್ದನ್ನ ಬಿಡದೆ ಬರೆಯೋರು ಸಿಗಲ್ಲ ಅಂತಾನೇ ನಾನು ನಿಮ್ಮನ್ನ ಕರೆದದ್ದು.”

ಆ ಪುಟದ ಮೇಲೆ ಗೆರೆ ಎಳೆದು ತಿದ್ದಲು ಅತ್ತಿಗೆಗೆ ಬಿಡಲಿಲ್ಲ. ಅದು ರೋಗಿಯ ಪುಟ. ಬೇರೆ ಹಾಳೆಯಲ್ಲಿ ನಡೆದದ್ದನ್ನು ಬರೆದು, ಸಹಿ ಹಾಕಿಸಿಕೊಂಡು, ಹಿಂದೆ ಲಗತ್ತಿಸಿದರು. ಕಂಪನಿಗೂ, ರೋಗಿಗಳ ಹಿತ ನೋಡುವ ಸಮಿತಿಗೂ ತಿಳಿಸಿದರು. ಮೂರು ಸಂಜೆಯದೇನೋ ಬರೆಯಬಹುದಾಗಿತ್ತು. ಅದರ ನಂತರದ ಇಪ್ಪತ್ತೆರಡು ಸಂಜೆ ಯಾವತ್ತು ಸದ್ದು ಹೆಚ್ಚಿತ್ತು, ಯಾವತ್ತು ಕಮ್ಮಿ, ಕಿವಿ ಮಂದವಾದದ್ದು ಎಂದಿನಿಂದ ಎಂದು ಅಮ್ಮನನ್ನು ಕೇಳಿದರೆ ಅವಳಿಗೆ ನೆನಪಿರಲಿಲ್ಲ. ಡ್ರೈವರ ಮಾತ್ರೆ ನಿಲ್ಲಿಸಿದರು. ತಿಂಗಳಲ್ಲಿ ಅವರ ಕಿವಿಯ ಸದ್ದು ನಿಂತಿತಂತೆ. ಅಮ್ಮನನ್ನು ಪರೀಕ್ಷಿಸಿದ ಕಿವಿ ಡಾಕ್ಟರು ಬಲಗಿವಿ ಬಹುಪಾಲು ಹೋಗಿದೆ ಅಂದರು. ಮಾತ್ರೆಯಿಂದಲೋ ವಯಸ್ಸಿನಿಂದಲೋ ಈಗ ಹೇಳಲಾಗದು, ಆಗಲೇ ಬಂದಿದ್ದರೆ ನೋಡಬಹುದಿತ್ತು ಅಂದರು. ಅಮ್ಮ ನುಂಗಿದ್ದು ನಿಜವಾದ ಮಾತ್ರೆಯೋ ಖಾಲಿಯೋ ಎನ್ನುವುದು ಇಡೀ ಸ್ಟಡಿ ಮುಗಿಯುವವರೆಗೆ ತೆರೆಯದ ಲಕೋಟೆಯಲ್ಲಿದೆ. ತೆರೆದ ದಿನ ಅದರಲ್ಲಿ ಏನೇ ಇರಲಿ, ನಾನು ಅಂದ ಮಾತು ಅಂದದ್ದೇ.

ಕೆಲಸ ಹೋಯಿತು. ಹೋಗುವಾಗ ಹದಿನಾಲ್ಕು ತಿಂಗಳ ಅನುಭವ ಪತ್ರ ಕೊಟ್ಟರು. ಐದು ವರ್ಷ ಎಲ್ಲರೂ ಕೇಳಿದ್ದು ಅದನ್ನೇ. ಅದನ್ನು ಹಿಡಿದು ಅವಳು ಒಂದೇ ಒಂದು ಕಡೆ ಹೋದಳು. “ಅಲ್ಲಿ ಯಾಕೆ ಬಿಟ್ಟಿರಿ?” ಎಂದು ಕೇಳಿದರಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಮೇಲೆ ಅವರ ಸುದ್ದಿಯಿಲ್ಲ. ಒಂದು ವಾರ ಬಿಟ್ಟು ಅವಳೇ ಬಂದು ನನ್ನ ಅಳತೆ ಪುಸ್ತಕ ಎತ್ತಿಕೊಂಡು, “ಇದೇನು ಕೋಳಿ ಕೆದಕಿದ ಹಾಗೆ ಬರೆದಿದೀಯ” ಎಂದು ಸ್ಕೇಲು ಹುಡುಕಿದಳು. ನನ್ನನ್ನು ಒಂದು ದಿನವೂ ದೂರಲಿಲ್ಲ. ದೂರಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಸೂಜಿಯ ತೂತು ಮಾತ್ರ ಬಟ್ಟೆಯಲ್ಲಿ ಉಳಿಯುತ್ತದೆ. ದಿನಾ ಬಿಚ್ಚುವವಳು ನಾನು, ಅದು ಗೊತ್ತಿದ್ದೂ ಅವತ್ತು ಅವಳಿಗೆ ಹಾಗೆ ಹೇಳಿದೆ.

ಮೊನ್ನೆ ಅಮ್ಮನಿಗೆ ಚಳಿಗಾಲಕ್ಕೊಂದು ಉದ್ದ ತೋಳಿನ ಕೋಟು ಹೊಲಿಯೋಣ ಎಂದು ಕರೆತಂದು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿದೆ. ಟೇಪು ನನ್ನ ಕೈಯಲ್ಲಿ. ಅತ್ತಿಗೆ ಪುಸ್ತಕ ತೆರೆದು, ತಾರೀಖು ಹಾಕಿ, ಪೆನ್ನು ಹಿಡಿದು ಅಮ್ಮನ ಬಲಗಡೆ ನಿಂತಳು.

“ಅತ್ತೆ, ತೋಳು ಮಣಿಕಟ್ಟಿನ ತನಕ ಇರ್ಲಾ, ಇನ್ನೂ ಸ್ವಲ್ಪ ಉದ್ದ ಬೇಕಾ?”

ಅಮ್ಮನಿಗೆ ಅದು ಕೇಳಿಸಲಿಲ್ಲ. ತಿರುಗಿ ನೋಡಿದಾಗ ಕಂಡದ್ದು ಪೆನ್ನು ಹಿಡಿದು ಕಾಯುತ್ತಿದ್ದ ಸೊಸೆ. ಕೂಡಲೇ ನೆಟ್ಟಗೆ ಕೂತು, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ನಗುಮುಖ ಮಾಡಿ ಹೇಳಿದಳು:

“ಏನಿಲ್ಲ ಕಣೆ. ಏನೂ ತೊಂದರೆ ಇಲ್ಲ. ಹಂಗೇ ಬರ್ಕೋ.”

ಅತ್ತಿಗೆ ಪೆನ್ನಿನ ಮುಚ್ಚಳ ಹಾಕಿ, ಅಮ್ಮನ ಎಡಗಡೆಗೆ ಹೋಗಿ ಕೂತಳು.